ಹೊಳೆಆಲೂರಿನ ಮೇಲಿಂದ ನರಗುಂದಕ್ಕೆ

ನನ್ನ ತವರು ನರಗುಂದ, ಗಂಡನ ಮನೆ ಗಜೇಂದ್ರಗಡ. ನಡುವೆ ರೋಣದಲ್ಲಿ ಇಳಿದು ಇನ್ನೊಂದು ಮೋಟಾರು ಹತ್ತಬೇಕು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಬಂದಾಗ ಬಸ್ಸಿಗೆ ನಾವೆಲ್ಲ ಮೋಟಾರು ಅಂತಲೇ ಅನ್ನುತ್ತಿದ್ದೆವು. ಹೆಂಗಸರು ಅದನ್ನು ಹತ್ತಬಹುದಿತ್ತು, ಆದರೆ ಜೊತೆಗೊಬ್ಬ ಗಂಡಸು ಬೇಕಿತ್ತು. ಅವನು ಏನು ಮಾಡಬೇಕು ಅನ್ನುವುದಕ್ಕೆ ನಿಯಮವೇನೂ ಇರಲಿಲ್ಲ. ಇದ್ದರೆ ಸಾಕಾಗಿತ್ತು.

ನಮ್ಮ ಮನೆಯಲ್ಲಿ ಆ ಕೆಲಸ ಮಾವನವರ ತಮ್ಮನದು. ಅವರನ್ನು ನಾನು ಸಣ್ಣಮಾವ ಅನ್ನುತ್ತಿದ್ದೆ. ಮಾವನವರಿಗೂ ನನ್ನ ಗಂಡನಿಗೂ ಮಗ್ಗ ಬಿಟ್ಟು ಏಳಲು ಆಗುತ್ತಿರಲಿಲ್ಲ, ಸಣ್ಣಮಾವನವರಿಗೆ ಆಗುತ್ತಿತ್ತು. ಅವರು ಮದುವೆಯಾಗಿರಲಿಲ್ಲ. ತಲೆಗೆ ಪಟಕ ಸುತ್ತಿ, ಕೊಡೆ ಹಿಡಿದು ನಮ್ಮ ಮುಂದೆ ನಡೆಯುತ್ತಿದ್ದರು. ಮೋಟಾರು ಹೊರಟ ಕೂಡಲೇ ನಿದ್ದೆ ಹೋಗುತ್ತಿದ್ದರು. ಇಳಿಯುವ ಊರು ಬಂದಾಗ ಹೆಂಗಸರೇ ಅವರನ್ನು ಎಬ್ಬಿಸುತ್ತಿದ್ದರು. ಅವರು ಕಣ್ಣೊರೆಸಿಕೊಂಡು, "ಬಂತು, ಇಳೀರಿ" ಅನ್ನುತ್ತಿದ್ದರು. ಮನೆಯ ಹೆಂಗಸರನ್ನೆಲ್ಲ ಹೀಗೆ ಅವರು ಎಷ್ಟೋ ವರ್ಷ ಸುಖರೂಪವಾಗಿ ತಿರುಗಾಡಿಸಿದ್ದರು.

ಒಂದು ವರ್ಷ ನನ್ನ ತಂಗಿಯ ಸೀಮಂತದ ಕುಬಸ ಗೊತ್ತುಮಾಡಿದರು. ಚೊಚ್ಚಲ ಬಸುರಿ, ಬೀಗತಿಯಾಗಿ ನಮ್ಮ ಅತ್ತೆ ಬರಲೇಬೇಕೆಂದು ತವರಿನಿಂದ ಕರೆ ಬಂತು. ಅತ್ತೆ, ನಾನು, ಸಣ್ಣಮಾವ ಬೆಳಿಗ್ಗೆ ಹೊರಟೆವು. ಅತ್ತೆ ಅಲ್ಲಿಯವರೆಗೆ ರೋಣದ ದಾರಿಯ ಸೂಡಿ ದಾಟಿ ಆಚೆಗೆ ಹೋದವರಲ್ಲ. ಸೂಡಿ ಹಿಂದೆ ಬಿದ್ದಾಗ ಒಮ್ಮೆ ತಿರುಗಿ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಮುಂದಕ್ಕೆ ನೋಡುತ್ತ ಕುಳಿತರು.

ರೋಣದಲ್ಲಿ ಇಳಿದೆವು. ಸಣ್ಣಮಾವ ಚಹಾ ಕುಡಿದು ಬಂದು, ಅಲ್ಲಿ ನಿಂತಿದ್ದ ಮೋಟಾರು ತೋರಿಸಿ ಹತ್ತಿರಿ ಅಂದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮುಂದೆ ಹಚ್ಚಿದ ಹಲಗೆ ಓದಿ ಅತ್ತೆಯ ಕಿವಿಯಲ್ಲಿ ಹೇಳಿದೆ, "ಇದು ಹೊಳಿಆಲೂರಿಗೆ ಹೋಗೂದರಿ."

ಅತ್ತೆ ಮೈದುನನಿಗೆ ದಾಟಿಸಿದರು. "ಹೊಳಿಆಲೂರ ಅಂತ ಬರ್ದೈತಂತ ನೋಡಪಾ."

"ಹಲಗಿ ಮ್ಯಾಲ ಏನರ ಬರ್ದಿರ್ತಾರ ವೈನಿ. ಮೋಟಾರ ಹೋಗೂದು ಡ್ರೈವರ ತಿರಿವಿದ ಕಡೆ. ಕುಂದ್ರಿ."

ಕುಳಿತೆವು. ಅವರು ನಿದ್ದೆ ಹೋದರು. ಡ್ರೈವರ್ ಹೊಳೆಆಲೂರಿನ ಕಡೆಗೆ ತಿರುವಿದ. ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗಂಡಸು ಹತ್ತಿಸಿದ ಮೋಟಾರನ್ನು ನಡುದಾರಿಯಲ್ಲಿ ಹೇಗೆ ಇಳಿಯಬೇಕೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಹೊಳೆಆಲೂರಿನಲ್ಲಿ ಅವರನ್ನು ಎಬ್ಬಿಸಿದೆವು. "ಬಂತು, ಇಳೀರಿ" ಅಂದರು. ಇಳಿದು ಸುತ್ತ ನೋಡಿದರು. ನರಗುಂದಕ್ಕೆ ಗುಡ್ಡ ಇದೆ, ಇಲ್ಲಿ ಗುಡ್ಡ ಇರಲಿಲ್ಲ. ಕೊಡೆ ಬಿಚ್ಚಿದರು, ಮತ್ತೆ ಮಡಿಚಿದರು. "ವೈನಿ ರೈಲು ನೋಡಿಲ್ಲಲ್ಲ, ತೋರಿಸಿಕೊಂಡ ಹೋಗೂಣಂತ ಹಿಂಗ ತಂದೆ" ಅಂದರು.

ಅತ್ತೆ ರೈಲು ನೋಡಿರಲಿಲ್ಲ ಅನ್ನುವುದು ಖರೆ. ರೋಣಕ್ಕೆ ತಿರುಗಿ ಹೋಗುವ ಮೋಟಾರಿಗೆ ಇನ್ನೂ ಹೊತ್ತಿತ್ತು, ಆದ್ದರಿಂದ ಸ್ಟೇಶನ್ನಿಗೆ ಹೋಗಿ ಬೇವಿನ ನೆರಳಲ್ಲಿ ಕುಳಿತೆವು. ರೈಲು ಬಂತು. ಅತ್ತೆ ಎದ್ದು ನಿಂತರು, ಹಿರಿಯರು ಬಂದಾಗ ಏಳುವಂತೆ. ಹೊಗೆ, ಸಪ್ಪಳ ಎಲ್ಲ ಮುಗಿದ ಮೇಲೆ ಒಂದು ಡಬ್ಬಿಯಿಂದ ಒಬ್ಬ ಹೆಂಗಸು ಇಳಿದಳು. ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ. ಟ್ರಂಕನ್ನು ತಾನೇ ಎಳೆದು ಕೆಳಗಿಟ್ಟಳು. ಅವಳ ಹಿಂದೆ ಯಾರಾದರೂ ಇಳಿಯಬಹುದೆಂದು ಅತ್ತೆ ಕಾದರು. ಯಾರೂ ಇಳಿಯಲಿಲ್ಲ, ರೈಲು ಹೋಯಿತು.

ಅತ್ತೆ ನೇರವಾಗಿ ಅವಳ ಹತ್ತಿರ ಹೋದರು.

"ಜೋಡಿ ಯಾರೂ ಇಲ್ಲೇನವಾ?"

"ಇಲ್ಲರಿ. ರೋಣದ ದವಾಖಾನಿಗೆ ಹೊಂಟೀನ್ರಿ. ನರ್ಸಬಾಯಿ ಅದೀನಿ."

"ಒಬ್ಬಾಕಿನ? ಅಂಜಿಕಿ ಬರೂದಿಲ್ಲ?"

"ಯಾಕ ಅಂಜೂದರಿ? ತಿಕೀಟ ತಗಸೀನಲ್ಲ."

ಅತ್ತೆ ಆ ಮಾತನ್ನು ಬಹಳ ಹೊತ್ತು ಯೋಚಿಸಿದರು. ಟಿಕೀಟು ನಮ್ಮ ಹತ್ತಿರವೂ ಇರುತ್ತಿತ್ತು. ಅದರಿಂದ ಅಂಜಿಕೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಆಮೇಲೆ ನರಗುಂದಕ್ಕೆ ಹೋಗುವುದು ಹ್ಯಾಂಗ ಅಂತ ಅವಳನ್ನೇ ಕೇಳಿದರು. ಅವಳು ರೋಣದವರೆಗೆ ತನ್ನ ಜೊತೆ ಬರಬಹುದು, ಅಲ್ಲಿ ಮಧ್ಯಾಹ್ನದ ಮೇಲೆ ನರಗುಂದದ ಮೋಟಾರು ಸಿಗುತ್ತದೆ ಅಂದಳು.

ಸಣ್ಣಮಾವನವರಿಗೆ ಇದು ಸರಿ ಕಾಣಲಿಲ್ಲ. ತಾನಿರುವಾಗ ಪರಸ್ಥಳದ ಹೆಂಗಸನ್ನು ದಾರಿ ಕೇಳಿದ್ದು ಅಪಮಾನವೆಂದು ತಿಳಿದರು. "ನಿಮಗ ಎಲ್ಲಾ ತಿಳೀತೈತಿ ಅಂದಮ್ಯಾಲ ನಾ ಯಾಕ? ನೀವ ಹೋಗ್ರಿ, ನಾ ಬರಾಂಗಿಲ್ಲ" ಅಂದು ಸ್ಟೇಶನ್ನಿನ ಬಾಕಿನ ಮೇಲೆ ಕುಳಿತುಬಿಟ್ಟರು. ಹೆಂಗಸರು ಎಲ್ಲಿ ಹೋಗುತ್ತಾರೆ ಅನ್ನುವ ಧೈರ್ಯ ಅವರದು. ನನಗೂ ಹಾಗೇ ಅನ್ನಿಸಿತ್ತು.

ಅತ್ತೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಮೈದುನನ ಪಕ್ಕದಲ್ಲಿಟ್ಟರು. "ಆತಪಾ. ನೀ ಹಿಂದಿಂದ ಬಾ" ಅಂದರು. ಗಂಟನ್ನು ನನ್ನ ಕೈಗೆ ಕೊಟ್ಟು ನರ್ಸಬಾಯಿಯ ಹಿಂದೆ ನಡೆದರು.

ರೋಣದ ಮೋಟಾರಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. "ಅತ್ತಿ, ಏನರ ಆದ್ರ?" ಅಂದೆ.

"ಏನಾಗತೈತಿ? ನಿನಗ ಓದಾಕ ಬರ್ತೈತಿ, ನನಗ ಕೇಳಾಕ ಬರ್ತೈತಿ. ಇಬ್ಬರೂ ಕೂಡಿದ್ರ ಒಬ್ಬ ಗಂಡಸಿಗಿಂತ ಕಡಿಮಿ ಆಗಾಂಗಿಲ್ಲ."

ರೋಣದಲ್ಲಿ ನರ್ಸಬಾಯಿ ನಮಗೆ ಮೋಟಾರು ತೋರಿಸಿ ದವಾಖಾನೆಗೆ ಹೋದಳು. ನಾನು ಹಲಗೆಯನ್ನು ಮುಂದಿನಿಂದ ಓದಿದೆ, ಪಕ್ಕಕ್ಕೆ ಹೋಗಿ ಮತ್ತೆ ಓದಿದೆ. ನರಗುಂದ ಅಂತಲೇ ಇತ್ತು. ಹತ್ತಿ ಕುಳಿತೆವು. ಕಂಡಕ್ಟರ್ ಬಂದ.

"ಅವ್ವಾರ, ಗಂಡಸರು ಎಲ್ಲೆದಾರ್ರಿ?"

"ಹಿಂದ ಬರಾಕತ್ತಾರ" ಅಂದರು ಅತ್ತೆ.

ಅವನು ಸಭ್ಯಸ್ಥ. ಸ್ವಲ್ಪ ತಡೆಯಲು ಡ್ರೈವರನಿಗೆ ಹೇಳಿದ. ಮೋಟಾರು ಗುರುಗುಡುತ್ತ ನಿಂತಿತು. ಒಳಗಿದ್ದವರೆಲ್ಲ ಕಿಟಕಿಯಿಂದ ಹೊರಗೆ ನೋಡತೊಡಗಿದರು. ಕೊನೆಗೆ ಕಂಡಕ್ಟರ್ ಮತ್ತೆ ಬಂದು ಕೇಳಿದ, "ಎಷ್ಟ ಹಿಂದ ಅದಾರ್ರಿ?"

"ಹೊಳಿಆಲೂರಾಗ."

ಮೋಟಾರು ಹೊರಟಿತು.

ಎರಡೂ ಕಡೆ ಎರೆಭೂಮಿ, ಜೋಳ, ಹತ್ತಿ. ಆ ದಾರಿಯಲ್ಲಿ ನಾನು ಎಷ್ಟೋ ಸಲ ಹೋಗಿದ್ದೆ, ಆದರೆ ಯಾವ ಊರಿನ ನಂತರ ಯಾವ ಊರು ಎಂದು ಲಕ್ಷ್ಯ ಕೊಟ್ಟಿರಲಿಲ್ಲ. ಅದು ಕರೆದೊಯ್ಯುವವರ ಕೆಲಸ ಅಂದುಕೊಂಡಿದ್ದೆ. ಈಗ ಪ್ರತಿ ಊರೂ ಬಂದಾಗ ನೆಟ್ಟಗೆ ಕುಳಿತು ನೋಡಿದೆ. ನರಗುಂದದ ಗುಡ್ಡ ಕಾಣಿಸಿದಾಗ ಅತ್ತೆಯ ಮೊಳಕೈ ಹಿಡಿದು ತೋರಿಸಿದೆ. "ದೊಡ್ಡದೈತಿ" ಅಂದರು. ನಾನು ಅಳುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು.

ಇಳಿದ ಮೇಲೆ ಇನ್ನೊಂದು ತೊಡಕು ಬಂತು. ತವರಿನ ದಾರಿ ಅತ್ತೆಗೆ ಗೊತ್ತಿಲ್ಲ. ನನಗೆ ಗೊತ್ತು, ಆದರೆ ಸೊಸೆಯಾದವಳು ಅತ್ತೆಯ ಮುಂದೆ ನಡೆಯುವಂತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. "ನಡಿ ಮುಂದ" ಅಂದರು ಅತ್ತೆ. ಪೇಟೆಯ ನಡುವೆ ನಾನು ಮುಂದೆ, ಅತ್ತೆ ಹಿಂದೆ ನಡೆದೆವು. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ನೋಡಿದರು. ಅದೇ ಮೊದಲ ಸಲ ನನ್ನ ಬೆನ್ನು ಅತ್ತೆಗೆ ಕಂಡದ್ದು.

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ನಮ್ಮನ್ನು ನೋಡಿ ಎದ್ದ. ನಮ್ಮ ಹಿಂದೆ ಓಣಿಯ ತುದಿಯವರೆಗೂ ನೋಡಿದ. "ಯಾರ ಜೋಡಿ ಬಂದ್ರಿ?" ಅಂದ.

"ನಿಮ್ಮ ಮಗಳ ಜೋಡಿ" ಅಂದರು ಅತ್ತೆ. ಕಾಲು ತೊಳೆಯಲು ನೀರು ಕೇಳಿದರು.

ಸಣ್ಣಮಾವ ಮರುದಿನ ಊಟದ ಹೊತ್ತಿಗೆ ಸರಿಯಾಗಿ ಬಂದರು. ಹೊಳೆಆಲೂರಿನಲ್ಲಿ ತನಗೆ ಸ್ವಲ್ಪ ಕೆಲಸ ಇತ್ತು, ಹೆಂಗಸರನ್ನು ಸುರಕ್ಷಿತವಾಗಿ ಮುಂದೆ ಕಳಿಸಿ ಬಂದೆ ಅಂತ ಅಪ್ಪನಿಗೆ ಹೇಳಿದರು. ಅಪ್ಪ ಅತ್ತೆಯ ಕಡೆ ನೋಡಿದ. "ಖರೆ. ಭಾಳ ಚಲೋ ಕಳಿಸಿದ್ರು" ಅಂದರು ಅತ್ತೆ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. ತಿರುಗಿ ಬರುವಾಗ ಸಣ್ಣಮಾವ ನಮ್ಮ ಜೊತೆಗೇ ಬಂದರು. ಎಬ್ಬಿಸುವುದನ್ನು ನಾವು ಬಿಡಲಿಲ್ಲ.

ಗಜೇಂದ್ರಗಡಕ್ಕೆ ಬಂದ ಮೇಲೆ ಅತ್ತೆ ಕೆಲವು ದಿನ ನೂಲು ಸುತ್ತಿದರು. ಒಂದು ಮಧ್ಯಾಹ್ನ ಮಗ್ಗದ ಮೇಲಿದ್ದ ಮಾವನವರಿಗೆ ಹೇಳಿದರು, "ನಾ ಹೊಳಿಆಲೂರಿಗೆ ಹೋಗಿ ಬರ್ತೀನಿ."

ಮಗ್ಗ ನಿಂತಿತು. "ಯಾಕ?"

"ಹೊಳಿ ನೋಡಾಕ. ಆವತ್ತು ರೈಲ ನೋಡೂದ್ರಾಗ ಹೊಳಿ ಉಳೀತು."

"ಹೊಳ್ಯಾಗ ಏನೈತಿ?"

"ನೀರು."

ಮಾವನವರು ಇದರಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. "ಜೋಡಿ ಯಾರು?"

"ಸೊಸಿ."

"ಲಗೂ ಬರ್ರಿ" ಅಂದು ಮತ್ತೆ ಮಗ್ಗ ತುಳಿದರು.

ಮಲಪ್ರಭೆಯ ದಂಡೆಯಲ್ಲಿ ನಾವಿಬ್ಬರೂ ನೀರಲ್ಲಿ ಕಾಲು ಬಿಟ್ಟು ಕುಳಿತೆವು. ನಮಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಕುಬಸ ಇಲ್ಲ, ಸತ್ತವರ ದಿನಕರ್ಮ ಇಲ್ಲ, ದೇವರ ಹರಕೆಯೂ ಇಲ್ಲ. ಕಾರಣವಿಲ್ಲದೆ ಒಂದು ಊರಿನಲ್ಲಿ ಕುಳಿತದ್ದು ನನಗೆ ಕಳವು ಮಾಡಿದಷ್ಟು ಭಯ ತಂದಿತು, ಅಷ್ಟೇ ರುಚಿಯಾಗಿಯೂ ಇತ್ತು. ಅತ್ತೆ ಮಾತ್ರ ಹೊಳೆಯನ್ನು ಅಂಗಡಿಯಲ್ಲಿ ಸೀರೆ ಆರಿಸುವವರಂತೆ ಪೂರ್ತಿ ನೋಡಿ, "ಚಲೋ ಐತಿ" ಅಂದರು.

ಆಮೇಲೆ ನಮ್ಮ ಓಣಿಯ ಹೆಂಗಸರು ಬರತೊಡಗಿದರು. ಮೊದಲು ಬಂದವಳು ಬಳೆಗಾರರ ಮನೆಯ ಬೀಬಿ. ಅವಳಿಗೆ ರೋಣದ ದವಾಖಾನೆಗೆ ಹೋಗಬೇಕಿತ್ತು, ಗಂಡ ಬಳೆಯ ಮಲಾರ ಹೊತ್ತು ಊರೂರು ತಿರುಗುವವನು, ಮನೆಯಲ್ಲಿ ಸಿಗುತ್ತಿರಲಿಲ್ಲ. "ನನ್ನೂ ಕರ್ಕೊಂಡ ಹೋಗ್ರಿ ಅವ್ವಾರ" ಅಂದಳು. ಕರೆದುಕೊಂಡು ಹೋದೆವು. ಅಲ್ಲಿ ಅದೇ ನರ್ಸಬಾಯಿ ಇದ್ದಳು, ಅತ್ತೆಯ ಗುರುತು ಹಿಡಿದು ಕೂಡಲು ಮಣೆ ಕೊಟ್ಟಳು. ಮುಂದಿನ ಸಲ ಬೀಬಿ ತನ್ನ ನಾದಿನಿಯನ್ನು ತಾನೇ ಕರೆದುಕೊಂಡು ಹೋದಳು, ನಮ್ಮನ್ನು ಕೇಳಲಿಲ್ಲ. ಅತ್ತೆಗೆ ಸ್ವಲ್ಪ ಬೇಜಾರಾಯಿತು.

ತಂಗಿ ಹಡೆದ ಸುದ್ದಿ ಬಂದಾಗ ಅತ್ತೆಗೆ ಮೊಳಕಾಲು ನೋವು. "ನೀ ಹೋಗಿ ಬಾ" ಅಂದರು. ನನ್ನ ಗಂಡ ಮೋಟಾರಿನವರೆಗೆ ಬಂದು, ಕಿಟಕಿಯ ಕೆಳಗೆ ನಿಂತು, ಗಾಲಿಯ ಕಡೆ ನೋಡುತ್ತಿದ್ದರು. ಮೋಟಾರು ಹೊರಟಾಗ, "ಹುಷಾರ" ಅಂದರು. ನನಗೋ ಮೋಟಾರಿಗೋ ಗೊತ್ತಾಗಲಿಲ್ಲ.

ರೋಣದಲ್ಲಿ ಹೊತ್ತಿತ್ತು. ಒಂದು ಪೇರಲ ಹಣ್ಣು ಕೊಂಡು, ಉಪ್ಪು ಹಚ್ಚಿಸಿಕೊಂಡು ನಿಂತಲ್ಲೇ ತಿಂದೆ. ಯಾರಿಗೂ ಪಾಲು ಕೊಡಬೇಕಿರಲಿಲ್ಲ. ಸಂಜೆ ನರಗುಂದದಲ್ಲಿ ಕೂಸನ್ನು ಎತ್ತಿಕೊಂಡೆ; ಹೆಣ್ಣು, ಕಪ್ಪಗೆ ಗಟ್ಟಿಮುಟ್ಟಾಗಿತ್ತು. ನನ್ನನ್ನು ಕರೆದೊಯ್ಯಲು ಯಾರೂ ಬರುವವರಿರಲಿಲ್ಲ, ಹಾಗಾಗಿ ಯಾವಾಗ ಹೊರಡಬೇಕೆಂಬುದನ್ನೂ ನಾನೇ ಗೊತ್ತುಮಾಡಬೇಕಾಯಿತು. ಅದು ನಾನು ತಿಳಿದಷ್ಟು ಕಠಿಣವಿರಲಿಲ್ಲ. ಇನ್ನೂ ಒಂದು ವಾರ ಉಳಿದೆ.