ಎಡೆಗಿಟ್ಟ ಪಂಚೆ

ಸತ್ತ ಹಿರಿಯರಿಗೆ ಎಡೆ ಇಡುವ ಮಾರಲಾಮಿ ಹಬ್ಬದ ದಿನ ದೊಡ್ಡಮಾದಪ್ಪ ಪೆರೋಲ್ ಮೇಲೆ ಮೈಸೂರು ಜೈಲಿನಿಂದ ಮಧುವನಹಳ್ಳಿಗೆ ಬಂದಿಳಿದಾಗ ಅವನ ಕಂಕುಳಲ್ಲಿ ಒಂದು ಪಂಚೆ ಇತ್ತು. ಜೈಲಿನ ಮಗ್ಗದಲ್ಲಿ ತಾನೇ ನೇಯ್ದು, ಕೂಲಿ ಮುರಿಸಿಕೊಂಡು ತಂದದ್ದು. ಅದನ್ನು ತಮ್ಮ ಚಿಕ್ಕಮಾದನ ಎಡೆಗೆ ಇಡಬೇಕು, ಅಷ್ಟೇ ಅವನ ಆಸೆ. ಆ ತಮ್ಮನನ್ನು ಕೊಂದವನೂ ಅವನೇ. ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಸಿಟ್ಟು ನೆತ್ತಿಗೇರಿ ಗುದ್ದಲಿ ಬೀಸಿಬಿಟ್ಟಿದ್ದ. ಬೀಸಿದ್ದು ಒಂದೇ ಏಟು. ಅದು ಸಾಕಾಯಿತು.

ಬೀದಿಯ ತಿರುವಿನಲ್ಲೇ ಓರಗೆಯ ಚೆನ್ನಯ್ಯ ಅಡ್ಡ ಸಿಕ್ಕ.

“ಏನ್ಲಾ ದೊಡ್ಡ, ಮಾವನ ಮನೇಗ್ ಓಗಿದ್ದೋನಂಗೆ ಮೈ ತುಂಬ್ಕಂಡ್ ಬಂದಿದ್ದೀಯಲ್ಲ! ಸರ್ಕಾರದ ಮುದ್ದೆ ಚೆನ್ನಾಗ್ ಒಗ್ಗ್ಯದೆ ಕಣ್ಲಾ ನಿಂಗೆ.”

ದೊಡ್ಡಮಾದಪ್ಪನ ಮುಷ್ಟಿ ಬಿಗಿಯಿತು. ಆ ಕೈ ಮಾಡಿದ್ದು ನೆನಪಾಗಿ, ಪಂಚೆಯನ್ನು ಎರಡು ಕೈಯಲ್ಲೂ ಅವುಚಿಕೊಂಡು ಮುಂದೆ ನಡೆದ.

ಮನೆಯಲ್ಲಿ ಅವ್ವ ಕೆಂಪಾಜಮ್ಮ, ಚಿಕ್ಕಮಾದನ ಹೆಂಡತಿ ಯಶೋದ, ಇಬ್ಬರೇ. ಅವ್ವ ಜಗಲಿಗೆ ಓಡಿ ಬಂದು ಮಗನ ಕೆನ್ನೆ ಸವರಿ, ಪಂಚೆ ಇಸಿದುಕೊಂಡು ಸೆರಗಿನೊಳಗೆ ಮುಚ್ಚಿದಳು.

“ಯಶೋದಂಗೆ ಯೋಳ್ಬೇಡ. ನಾನ್ ಮಡಗ್ತೀನಿ, ನೀ ಇಲ್ಲೇ ಕುಂತಿರು.”

ಎಡೆ ಇಟ್ಟು ಧೂಪ ಹಾಕಿದ ಮೇಲೆ, ಸತ್ತವರು ಬಂದು ಉಣ್ಣಲಿ ಎಂದು ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ಬಾಗಿಲೆಳೆದುಕೊಂಡು ತಿರುಗಿದ ಯಶೋದ ಬಾವನನ್ನು ಕಂಡಳು. ಕಂಬದ ಆ ಕಡೆ ಅವಳು, ಈ ಕಡೆ ಅವನು, ನಡುವೆ ಅವ್ವ. ಮುಚ್ಚಿದ ಬಾಗಿಲು ಅವನಿಗೇನೂ ಹೊಸದಲ್ಲ. ಹೊರಗೆ ಕೂತು ಕಾಯುವುದು ಹೀಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಒಳಗೆ ತಮ್ಮ ಉಣ್ಣುತ್ತಿದ್ದಾನೆ. ಅಣ್ಣ ತಂದ ಪಂಚೆ ನೋಡಿದನೋ, ನೋಡಿ ಮುಖ ತಿರುಗಿಸಿದನೋ?

ಸ್ವಲ್ಪ ಹೊತ್ತಿಗೆ, ಉಣ್ಣುವವರಿಗೆ ತಿಳಿಯಲೆಂದು ಬಾಗಿಲು ತಟ್ಟಿ ಒಳಗೆ ಹೋದ ಯಶೋದ ಪಂಚೆ ಹಿಡಿದುಕೊಂಡೇ ಬಂದಳು. ಧೂಪದ ವಾಸನೆ ಅದಕ್ಕೆ ಹತ್ತಿತ್ತು.

“ಇದ್ಯಾರ್ ಮಡಗಿದ್ದು?”

“ನಾನೇ ಕಣವ್ವ,” ಎಂದಳು ಕೆಂಪಾಜಮ್ಮ. “ಮಡಗಾಯ್ತಲ್ಲ, ಇನ್ ಇವ್ನೇ ಉಟ್ಕಳ್ಳಿ ಬುಡು. ಎಡೆಗಿಟ್ಟ ಬಟ್ಟೇನ ಮನೆ ಗಂಡಸ್ರು ಉಡ್ಬೇಕಲ್ವಾ?”

“ಉಡ್ಬೇಕು ಕಣತ್ತೆ. ನಮ್ಮನೇಲಿ ಗಂಡಸ್ರು ಎಲ್ಲವ್ರೆ?”

ಬಾವ ಎದುರಿಗೇ ಕೂತಿದ್ದ. ಊರಿಗೆಲ್ಲ ಗೊತ್ತಿದ್ದ ಅವನ ಸಿಟ್ಟು ಈಗ ಬೇಕೆಂದರೂ ಬರಲಿಲ್ಲ.

ಅವಳು ಪಂಚೆಯನ್ನು ಅವನ ಪಕ್ಕ ಇಟ್ಟಳು, ಬಿಸಾಡಲಿಲ್ಲ. ಮತ್ತೆ ಒಳಗೆ ಹೋಗಿ ಎಲೆಯಲ್ಲಿ ಕಜ್ಜಾಯ ತಂದಿಟ್ಟಳು.

“ಅವ್ರ ಎಡೇದು. ತಿನ್ನಿ ಬಾವ. ಒಳಕ್ ಮಾತ್ರ ಬರ್ಬೇಡಿ.”

ತಿಂದ. ಚಿಕ್ಕಮಾದನಿಗೆ ಕಜ್ಜಾಯದ ತುಂಬ ಎಳ್ಳಿರಬೇಕಿತ್ತು, ಇಲ್ಲದಿದ್ದರೆ ಮುಟ್ಟುತ್ತಿರಲಿಲ್ಲ. ಇವಳು ಈಗಲೂ ಹಾಗೇ ಮಾಡಿದ್ದಾಳೆ. ಒಳಗಿಂದ ಸೊಸೆ ಅತ್ತೆಯನ್ನು ಉಣ್ಣಲು ಕರೆದಳು. ಅವ್ವ ಮಗನ ಮುಖವನ್ನೊಮ್ಮೆ ನೋಡಿ, ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಪೆರೋಲಿನ ದಿನಗಳು ಇನ್ನೂ ಬೇಕಾದಷ್ಟಿದ್ದವು. ಅವನು ಪಂಚೆ ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಹೇಳದೆ ಎದ್ದು, ಜೈಲಿಗೇ ಮರಳಲೆಂದು ಕೊಳ್ಳೇಗಾಲದ ಬಸ್ ಹತ್ತಿದ. ಹಬ್ಬದ ದಿನವಲ್ಲವೇ, ಎಲ್ಲರೂ ಊರು ಸೇರಿದ್ದರು. ಬಸ್ಸು ಖಾಲಿ ಹೊಡೆಯುತ್ತಿತ್ತು.