ಅಕ್ಕ ಫೋನಿನಲ್ಲಿ ಜೋಡಿಸಿದ ಸ್ಪೀಕರ್

ಕುಲಗೋಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಟೇಬಲ್ ಇದೆ. ಅದರ ಒಂದು ತುದಿಗೆ ನನ್ನ ಹೊಲಿಗೆ ಮಷಿನ್ನು. ಇನ್ನೊಂದು ತುದಿ ಅಕ್ಕನದು. ಗೋಕಾಕದಲ್ಲಿ ಐಟಿಐ ಮುಗಿಸಿ ಬಂದ ಮೇಲೆ ಅವಳು ಓಣಿಯವರ ಕೆಟ್ಟ ರೇಡಿಯೊ, ಮಿಕ್ಸರ್‌ಗಳನ್ನು ಅಲ್ಲಿ ಬಿಚ್ಚಿಕೊಂಡು ಕೂರುತ್ತಿದ್ದಳು. ಅವಳೇ ಜೋಡಿಸಿದ ಆಂಪ್ಲಿಫೈಯರ್ ಎಡಕ್ಕೊಂದು ಬಲಕ್ಕೊಂದು ಸ್ಪೀಕರಿನೊಡನೆ ಗೋಡೆಯ ಗೂಡಿನಲ್ಲಿ ಹಾಡುತ್ತಿತ್ತು. ನಾನು ಸೀರೆಯ ಮೇಲಿನ ಜಂಪರ್ ಹೊಲಿಯುತ್ತಿದ್ದೆ, ಅವಳು ಬೆಸುಗೆ ಹಾಕುತ್ತಿದ್ದಳು. ಎಷ್ಟೋ ಹೊತ್ತು ಮಾತೇ ಇರುತ್ತಿರಲಿಲ್ಲ. ಬೇಕೆಂದು ಅನಿಸುತ್ತಲೂ ಇರಲಿಲ್ಲ.

ಅವಳನ್ನು ಹುಕ್ಕೇರಿ ತಾಲೂಕಿನ ದಡ್ಡಿಗೆ ಕೊಟ್ಟರು. ಮನೆತನ ಒಳ್ಳೆಯದು, ಗಂಡನೂ ಒಳ್ಳೆಯವನು. ಆದರೆ ಎಮ್ಮೆ, ಹೊಲ, ಮಕ್ಕಳು ಅಂತ ಅವಳಿಗೆ ಪುರುಸೊತ್ತೇ ಇಲ್ಲ. ಫೋನು ಮಾಡಿದರೆ, "ಆರಾಮ ಅದೀಯಿಲ್ಲ? ಅವ್ವ ಉಂಡಳು? ಇಡ್ತೇನಿ, ಹಾಲ ಉಕ್ಕಾಕತ್ತೇತಿ" ಎನ್ನುವಳು. ಟೇಬಲ್ಲಿನ ಅವಳ ತುದಿಯಲ್ಲಿ ನಾನು ಬಟ್ಟೆ ಇಡುವುದಿಲ್ಲ. ಗಿರಾಕಿಗಳು ಇಟ್ಟರೆ ಈಚೆ ಎಳೆದುಕೊಳ್ಳುತ್ತೇನೆ.

ಹೋದ ಸಲ ಕಬ್ಬು ಕಡಿಯುವ ಹೊತ್ತಿನಲ್ಲಿ ಬಲಗಡೆಯ ಸ್ಪೀಕರಿನ ಕಾಗದವನ್ನು ಇಲಿ ಕಡಿದುಹಾಕಿತು. ಬಾಜೂ ಮನೆಯ ಕಾಕಾ ತನ್ನ ಟ್ರ್ಯಾಕ್ಟರಿಗೆ ಹೊಸ ಸ್ಪೀಕರ್ ಹಾಕಿಸುತ್ತಿದ್ದ. ಹಳೆಯ ಎರಡನ್ನು ತಂದು, "ತಗೋಳವ್ವಾ, ಇನ್ನ ಚಲೋ ಅದಾವು" ಎಂದು ಕೊಟ್ಟ. ನಾನು ಎರಡರ ಕೆಂಪು ವೈರುಗಳನ್ನು ಒಟ್ಟಿಗೆ ಹೊಸೆದು, ಕಪ್ಪು ವೈರುಗಳನ್ನು ಒಟ್ಟಿಗೆ ಹೊಸೆದು, ಆಂಪ್ಲಿಫೈಯರಿನ ಬಲಗಡೆಯ ಬಾಯಿಗೆ ಸಿಕ್ಕಿಸಿದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಅಂಗಳದ ಕೋಳಿಗಳು ಓಡಿದವು. ಖುಷಿಯಾಯಿತು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಹಾಡು ಒಡೆಯತೊಡಗಿತು, ಕಾದ ವಾಸನೆ ಬಂತು. ಆಂಪ್ಲಿಫೈಯರ್ ಮುಟ್ಟಿದರೆ ಕೈ ಸುಟ್ಟಿತು. ಅಕ್ಕನ ಕೈಯ ವಸ್ತು ನನ್ನ ಕೈಯಲ್ಲಿ ಹೋಯಿತಲ್ಲ ಎನಿಸಿತು. ಫೋನು ಹಚ್ಚಿದೆ.

"ಮೊದಲ ಬಂದ್ ಮಾಡು. ಪ್ಲಗ್ ಕಿತ್ತಿದಿ?"

"ಕಿತ್ತೇನಿ."

"ಆರಲಿ, ಅಲ್ಲೀತನಾ ಯಾವ ವೈರನೂ ಮುಟ್ಟಬ್ಯಾಡ. ಆ ಸ್ಪೀಕರಿನ ಹಿಂದ ಏನ ಬರದಾರ ನೋಡು."

ಎರಡರ ಹಿಂದೆಯೂ ನಾಲ್ಕು ಓಮ್ ಎಂದಿತ್ತು.

"ಹಂಗಾರ ನಾಲ್ಕು ನಾಲ್ಕು ಕೂಡಿ ಎಂಟಾತಿಲ್ಲ?" ಎಂದೆ.

ಅಕ್ಕ ನಕ್ಕಳು. "ಹಂಗ ಬಾಜೂ ಬಾಜೂ ಹಚ್ಚಿದ್ರ ಕೂಡೂದಿಲ್ಲವ್ವಾ, ಅರ್ಧ ಆಗತೈತಿ. ಎರಡ ಓಮ್. ನಮ್ಮ ಆಂಪ್ಲಿಫೈಯರ್ ನಾಲ್ಕಕ್ಕಿಂತ ಕೆಳಗ ತಡಿಯಂಗಿಲ್ಲ. ಓಮ್ ಕಡಿಮಿ ಆದಂಗ ಕರೆಂಟ್ ಜಾಸ್ತಿ ಎಳೀತಾವು, ಅದು ಕಾದ ಸಾಯತೈತಿ. ಒಂದರ ಹಿಂದ ಒಂದ ಹಚ್ಚು, ಆವಾಗ ಎಂಟು."

ಆಮೇಲೆ ಒಂದೊಂದಾಗಿ ಹೇಳಿಕೊಟ್ಟಳು. ಆಂಪ್ಲಿಫೈಯರಿನ ಕೆಂಪು ಬಾಯಿಂದ ಮೊದಲ ಸ್ಪೀಕರಿನ ಪ್ಲಸ್ಸಿಗೆ. ಅದರ ಮೈನಸ್ಸಿನಿಂದ ಎರಡನೆಯದರ ಪ್ಲಸ್ಸಿಗೆ. ಅದರ ಮೈನಸ್ಸಿನಿಂದ ವಾಪಸ್ ಕಪ್ಪು ಬಾಯಿಗೆ. ಬರಿಯ ತಂತಿ ಒಂದಕ್ಕೊಂದು ತಾಗದ ಹಾಗೆ ಟೇಪು ಸುತ್ತಿಸಿದಳು. ಆಂಪ್ಲಿಫೈಯರಿಗೆ ಸಿಕ್ಕಿಸುವ ಮೊದಲು ಇಲ್ಲೇ ಬಿಟ್ಟುಹೋದ ತನ್ನ ಟ್ರಂಕಿನಿಂದ ಮೀಟರ್ ತೆಗೆಸಿ ಓಮ್ ಅಳೆಸಿದಳು.

"ಏಳರ ಹತ್ರ ತೋರಸಾಕತ್ತೇತಿ ಅಕ್ಕಾ, ಎಂಟಿಲ್ಲ."

"ಬರೋಬ್ಬರಿ ಐತಿ. ಮೀಟರ್ ಸ್ವಲ್ಪ ಕಡಿಮೀನ ತೋರಸತೈತಿ."

ಆಚೆಯಿಂದ ಅವಳ ಅತ್ತೆ ಕೂಗಿದ್ದು ಕೇಳಿಸಿತು. "ಬಂದ್ನಿರಿ" ಎಂದಳು. ಆದರೆ ಫೋನು ಇಡಲಿಲ್ಲ.

ದನಿ ಪೂರ್ತಿ ಸಣ್ಣ ಮಾಡಿ ಚಾಲೂ ಮಾಡಿದೆ. ನಿಧಾನಕ್ಕೆ ಏರಿಸಿದೆ. ಮೊದಲಿನಷ್ಟು ಜೋರಿಲ್ಲ, ಆದರೆ ಎಲ್ಲೂ ಒಡೆಯಲಿಲ್ಲ. ಮೇಲೆ ಕೈಯಿಟ್ಟು ನೋಡು ಎಂದಳು, ಬೆಚ್ಚಗಷ್ಟೇ ಇತ್ತು.

"ಫೋನ್ ಹತ್ರ ಹಿಡಿ" ಎಂದಳು.

ಹಿಡಿದೆ. ಇಡೀ ಹಾಡು ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಅವಳು ಟೇಬಲ್ಲಿನ ಆ ತುದಿಯಲ್ಲೇ ಇದ್ದಾಳೆ, ತಲೆಯೆತ್ತಿದರೆ ಕಾಣುತ್ತಾಳೆ ಅನ್ನಿಸಿತು. ತಲೆಯೆತ್ತಲಿಲ್ಲ.

ಮುಂದೆ ಯಾವುದೂ ಕೆಡಲಿಲ್ಲ. ಅಷ್ಟು ಉದ್ದದ ಫೋನೂ ಮತ್ತೆ ಬರಲಿಲ್ಲ. ಸುಗ್ಗಿ ಮುಗಿದ ಮೇಲೆ ತಡೆಯಲಾರದೆ ಗೋಕಾಕದಲ್ಲಿ ಬಸ್ಸು ಬದಲಿಸಿ ದಡ್ಡಿಗೆ ಹೋದೆ. ಅಕ್ಕ ಹಿತ್ತಲಿನಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಸೊರಗಿದ್ದಳು. ಕೈ ಒರೆಸಿಕೊಳ್ಳುತ್ತ, "ಆವತ್ತ ನಿನಗ ಹೇಳುವಾಗ ನನ್ನ ಕೈ ಸುಮ್ಮನ ಕುಂಡ್ರಲಿಲ್ಲ ನೋಡು. ನಾ ಆ ಕೆಲಸ ಕಲತೇನಿ ಅನ್ನೂದು ಇಲ್ಲಿ ಯಾರಿಗೂ ನೆನಪಿಲ್ಲ" ಎಂದಳು. ದೂರಿದ್ದಲ್ಲ, ಹೇಳಿದಳು ಅಷ್ಟೇ.

"ಊರಿಗೆ ಬಾ, ನಾಕ ದಿನ ಇದ್ದ ಹೋಗಂತಿ" ಎಂದೆ.

"ಪಂಚಮಿಗೆ ನೋಡೂಣು."

ಹೊರಡುವ ಮೊದಲು, ಹೊಸ ಜಂಪರ್ ಹೊಲಿಯುತ್ತೇನೆ, ಅಳತೆ ಕೊಡು ಎಂದೆ. ಅವಳು ತೋಳು ಎತ್ತಿ ನಿಂತಳು. ನಾನು ಟೇಪನ್ನು ಅವಳ ಬೆನ್ನ ಹಿಂದಿನಿಂದ ತಂದು ಎದೆಯ ಮುಂದೆ ಹಿಡಿದೆ, ಮತ್ತೆ ಹಿಡಿದೆ, ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಹಿಡಿದೆ. ಅಳತೆ ಮೊದಲ ಸಲವೇ ಸಿಕ್ಕಿತ್ತೆಂದು ಅವಳಿಗೆ ತಿಳಿದಿತ್ತು. ತೋಳು ಇಳಿಸದೆ ಸುಮ್ಮನೆ ನಿಂತಿದ್ದಳು.