ಅಟ್ಲಾಸನ ಸಿಂಬಿ

ಗಾರೆ ಬೋರಣ್ಣ ಮಾಡಿದ ದೇವರಿಗೆಲ್ಲ ಬೋರಣ್ಣನದೇ ಮೂಗು. ರಾಮನಿಗೂ ಅದೇ, ರಾವಣನಿಗೂ ಅದೇ, ಗೋಪುರದ ಮೂಲೆಯ ಸಿಂಹಕ್ಕೂ ಅದೇ. ಕೆ.ಆರ್. ಪೇಟೆ ಸುತ್ತಿನ ಗುಡಿಗಳ ಸಿಮೆಂಟು ಬೊಂಬೆಗಳೆಲ್ಲ ಅವನ ಕೈಯವೇ. ಆದರೆ ಕಲ್ಲಿನ ಮೇಲೆ ಕೆತ್ತಿಸುವುದು ದುಡ್ಡು ಕೊಟ್ಟವರ ಹೆಸರು ತಾನೆ? "ಸಾಯೋದ್ರೊಳ್ಗೆ ಒಂದ್ ಕಡೆನಾರ ನನ್ನೆಸ್ರು ಬರ್ಬೇಕು ಕಣ್ರವ್ವಾ" ಎಂದು ಸಿಕ್ಕಾಗಲೆಲ್ಲ ನನ್ನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಾಲೇಜಿನ ಮುಂದಿನ ಸರ್ಕಲ್ಲಿಗೆ ಒಂದು ಪ್ರತಿಮೆ ಬೇಕಾಯಿತು. ಯಾವ ನಾಯಕರದು ಎಂದು ಊರಿನವರು ಕಿತ್ತಾಡಿ ಸುಸ್ತಾದ ಮೇಲೆ, ಯಾರ ಕಡೆಯವನೂ ಅಲ್ಲದ ಗ್ರೀಕರ ಅಟ್ಲಾಸನನ್ನು ಪ್ರಿನ್ಸಿಪಾಲರು ಆರಿಸಿದರು. ಇತಿಹಾಸದ ಮೇಷ್ಟರಮ್ಮನಾದ ನಾನು ಬೋರಣ್ಣನಿಗೆ ಚಿತ್ರ ತೋರಿಸಿ ಕಥೆ ಹೇಳಿದೆ: ದೇವತೆಗಳ ಮೇಲೆ ಯುದ್ಧ ಮಾಡಿ ಸೋತವನು, ಶಿಕ್ಷೆಯಾಗಿ ಆಕಾಶವನ್ನೇ ಹೆಗಲ ಮೇಲೆ ಹೊತ್ತು ನಿಂತಿದ್ದಾನೆ. ಕೆಳಗೆ ಬೋರಣ್ಣನ ಹೆಸರು ಬರೆಸಲು ಪ್ರಿನ್ಸಿಪಾಲರು ಒಪ್ಪಿದರು. ಅವನು ಅದನ್ನು ಊರೆಲ್ಲ ಸಾರಿಕೊಂಡು ಬಂದ.

ಕೆಲಸ ಮುಗಿದು ಗೋಣಿತಾಟು ಸರಿಸಿದರೆ, ಅಟ್ಲಾಸನ ಹೆಗಲಿಗೂ ಆಕಾಶದ ಗೋಳಕ್ಕೂ ನಡುವೆ ಒಂದು ದಪ್ಪ ಸಿಂಬಿ! ನೀರಿನ ಕೊಡದ ಕೆಳಗೆ ಹೆಂಗಸರು ಸುತ್ತಿಡುವ ಬಟ್ಟೆಯ ಸಿಂಬಿ, ಸಿಮೆಂಟಿನಲ್ಲಿ, ಮಡಿಕೆ ಮಡಿಕೆಯಾಗಿ. ಮೂಗಿನ ಮಾತಂತೂ ಕೇಳಲೇಬೇಡಿ.

"ಒಡೆದು ತೆಗಿ ಅದನ್ನ! ಶಿಕ್ಷೆ ಕಣಯ್ಯ ಅದು!" ಎಂದು ಪ್ರಿನ್ಸಿಪಾಲರು ಕೂಗಾಡಿದರು.

"ಸಿಕ್ಸೆ ಇರ್ಲಿ ಸಾ, ಯಾರ್ ಬ್ಯಾಡ ಅಂದ್ರು? ಸಿಂಬಿ ಇಲ್ದೆ ಒರೆ ಒರ್ಸಕೆ ನಾವೇನ್ ಮನುಸ್ರಲ್ವಾ?"

"ಹಾಗಾದ್ರೆ ನಿನ್ನ ಹೆಸರು ಬರೆಸಲ್ಲ."

ಬೋರಣ್ಣನ ಮುಖ ಸಣ್ಣದಾಯಿತು. ಸುತ್ತಿಗೆ ಹಿಡಿದು ಏಣಿ ಹತ್ತಿದ. ಅಯ್ಯೋ, ಸಿಂಬಿ ಹೋಯಿತು ಎಂದುಕೊಂಡೆ. ಮೇಲೆ ತುಸು ಹೊತ್ತು ನಿಂತವನು ಹಾಗೇ ಇಳಿದು ಬಂದ. "ನನ್ ಕೈಲಾಗಲ್ಲ ಬುಡಿ ಸಾ. ಎಸ್ರು ಬ್ಯಾಡ." ಅವನ ಮೊಂಡುತನಕ್ಕೆ ನನಗೆ ಸಿಟ್ಟು ಬಂತು.

ಸಿಂಬಿ ಒಡೆಯಲು ಬೇರೆ ಗಾರೆಯವರನ್ನು ಕರೆದರೆ ಒಬ್ಬರೂ ಬರಲಿಲ್ಲ. ಪೀಠದ ಮೇಲೆ ಹೆಸರೂ ಬರಲಿಲ್ಲ. ಬೋರಣ್ಣ ನಾಗಮಂಗಲದಲ್ಲಿದ್ದ ಮಗಳ ಮನೆ ಸೇರಿದ.

ಏಳೆಂಟು ವರ್ಷದ ಮೇಲೆ ನಾಗಮಂಗಲದಿಂದ ಬರುವ ಬಸ್ಸಿನಲ್ಲಿ ಸಿಕ್ಕ. ಹೊಸಹೊಳಲಿನ ತಂಗಿಯನ್ನು ನೋಡಲು ಹೊರಟಿದ್ದನಂತೆ. ಹಲ್ಲೆಲ್ಲ ಉದುರಿದ್ದವು, ಬಡಾಯಿ ಮಾತ್ರ ಹಾಗೇ ಇತ್ತು. ನಾನು ಅವನನ್ನು ಕಂಡದ್ದು ಅದೇ ಕೊನೆ.

ಊರಿನವರ ಬಾಯಿಗೆ ಅಟ್ಲಾಸನ ಹೆಸರು ಹತ್ತಲೇ ಇಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಾಲೇಜು ಹತ್ತಿರ ಬಂದಾಗ ಎಳೆಯ ಕಂಡಕ್ಟರು ಕೂಗಿದ: "ಬೋರಣ್ಣನ್ ಸರ್ಕಲ್ಲು! ಇಳಿಯೋರು ಮುಂದುಕ್ ಬನ್ನಿ!"

ಬಡಾಯಿ ಅಲ್ಲಿಗೇ ನಿಂತಿತು. ಬೋರಣ್ಣ ಕಿಟಕಿಯಾಚೆ ಪ್ರತಿಮೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಂಡಕ್ಟರನ ತೋಳು ಹಿಡಿದುಕೊಂಡ.

"ಇನ್ನೊಂದ್ ಸಲಿ ಕೂಗು ಕಣ್ಲಾ, ಮಗ."